ಪರದೆಯ ಮುಂದೆ ಬಂದ ತಾಯಿ

“ಅಜ್ಜಾರೇ, ನನ್ನದು ಬರೀ ನಟನೆ. ನಾಳೆ ಬಂದವರಿಗೆ ನಿಜ ಹೇಳಿ ಎದ್ದು ಹೋಗಿಬಿಡಲೇ?”

ಕೇಳಿದವನು ಮಡಿವಾಳಯ್ಯ. ಅವನು ಮಠಕ್ಕೆ ಬಂದು ಆರು ವರ್ಷವಾಗಿತ್ತು. ಮಠದ ಹಿರಿಯ ಸ್ವಾಮಿಗಳಾದ ಅಜ್ಜಾರಿಗೆ ವಯಸ್ಸಾದ ಮೇಲೆ, ಕಷ್ಟ ಹೇಳಿಕೊಂಡು ಬರುವವರ ಎದುರು ಕೂರುವ ಕೆಲಸ ಅವನ ಪಾಲಿಗೆ ಬಂತು. ಬಂದವರು ಅಳುತ್ತಿದ್ದರು. ಅಜ್ಜಾರು ಹೇಳುತ್ತಿದ್ದ ಮಾತನ್ನೇ ಇವನೂ ಹೇಳುತ್ತಿದ್ದ. ಅವರು ಸಮಾಧಾನ ಮಾಡಿಕೊಂಡು, ಕಾಲು ಮುಟ್ಟಿ ಹೋಗುತ್ತಿದ್ದರು. ಅವರು ಅತ್ತ ಹೋದದ್ದೇ, ಬರೀ ಬಾಯಿಪಾಠ ಒಪ್ಪಿಸಿದೆನಲ್ಲ ಅಂತ ಇವನಿಗೆ ನಾಚಿಕೆಯಾಗುತ್ತಿತ್ತು.

“ನಟನೆ ಅಂದೆಯಾ? ಭಲೇ!” ಅಂದರು ಅಜ್ಜಾರು. “ನಟನೆ ಅಂದರೆ ಸುಳ್ಳು ಅಂತ ನಿನಗೆ ಯಾವ ಪುಣ್ಯಾತ್ಮ ಹೇಳಿಕೊಟ್ಟನೋ? ಎದ್ದು ಹೋಗುವುದು ಇದ್ದೇ ಇದೆ. ಮೊದಲು ಕೂತು ಕೇಳು.”

ಅವರು ಹೇಳಿದ್ದು ಇದು.

ಕಾವಿ ಉಡುವ ಮೊದಲು ನಾನು ಒಂದು ನಾಟಕ ಕಂಪನಿಯಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುತ್ತಿದ್ದೆ. ನಗಬೇಡ. ಹೊಟ್ಟೆಪಾಡು. ಊರಿಂದ ಊರಿಗೆ ಹೋಗಿ, ಟೆಂಟು ಹಾಕಿ, ಎರಡು ಮೂರು ತಿಂಗಳು ಆಡುವ ಕಂಪನಿ ಅದು. ಅಲ್ಲಿ ಒಬ್ಬ ನಟಿ ಇದ್ದಳು. ಗೋಡೆಗೆ ಹಚ್ಚುವ ಹಾಳೆಯ ಮೇಲೆ ಅವಳಿಗೆ ಒಂದು ಗಂಡಸಿನ ಹೆಸರಿತ್ತು. ಆ ಹೆಸರು ನನ್ನ ಬಾಯಲ್ಲಿ ಬರುವುದಿಲ್ಲ, ಕೇಳಬೇಡ. ಅವಳು ತಾನಾಗಿ ಇಟ್ಟುಕೊಂಡ ಹೆಸರು ಇಂದುಮತಿ. ಹುಟ್ಟಿದಾಗ ಮನೆಯವರು ಗಂಡು ಅಂದಿದ್ದರು. ತಿಳಿವಳಿಕೆ ಬಂದಾಗಿನಿಂದ ಅವಳಿಗೆ ತಾನು ಹೆಣ್ಣು ಅಂತ ಗೊತ್ತಿತ್ತು. ಈಗಿನವರು ಮಂಗಳಮುಖಿ ಅನ್ನುತ್ತಾರೆ. ಕಂಪನಿಯ ಹೆಂಗಸರು ಅಕ್ಕಾ ಅನ್ನುತ್ತಿದ್ದರು. ಅವಳಿಗೆ ಅಷ್ಟು ಸಾಕಾಗಿತ್ತು.

ಅವಳದು ತಾಯಿಯ ಪಾತ್ರ. ಅರಸ ಒಬ್ಬ ಹುಡುಗನಿಗೆ ಮರಣದಂಡನೆ ವಿಧಿಸುತ್ತಾನೆ. ತಾಯಿ ಅರಮನೆಯ ಬಾಗಿಲಲ್ಲಿ ನಿಂತು ಮಗನ ಜೀವ ಕೇಳುತ್ತಾಳೆ. ಕಡೆಗೆ ಉಳಿಸಿಕೊಳ್ಳುತ್ತಾಳೆ. ನಾಟಕ ಇಷ್ಟೇ. ಆದರೆ ಅವಳು ಆಡಿದರೆ, ಅಬ್ಬಾ, ಪೇಟಿಯ ಮೇಲಿನ ನನ್ನ ಕೈ ತಪ್ಪುತ್ತಿತ್ತು! ಹೊಸ ಊರಿಗೆ ಹೋದ ಮಾರನೆಯ ದಿನವೇ ಅವಳು ಸರ್ಕಾರಿ ದವಾಖಾನೆಯ ಮುಂದಿನ ಕಟ್ಟೆಯ ಮೇಲೆ ಹೋಗಿ ಕೂರುತ್ತಿದ್ದಳು. ಜ್ವರ ಬಂದ ಮಕ್ಕಳನ್ನು ಎತ್ತಿಕೊಂಡು ಬಂದ ತಾಯಂದಿರನ್ನು ನೋಡುತ್ತಿದ್ದಳು. ಯಾಕವ್ವಾ ಅಂತ ಒಮ್ಮೆ ಕೇಳಿದೆ. “ಅಳೋದು ಯಾರಿಗೂ ಬರ್ತೈತಿ ಮಾಸ್ತರ. ಬಾಗಿಲದಾಗ ನಿಲ್ಲೂದು ಕಲೀಬೇಕು” ಅಂದಳು. ಹನ್ನೊಂದು ವರ್ಷ ಒಂದೇ ಪಾತ್ರ ಮಾಡಿದ್ದಳು, ಇನ್ನೂ ಕಲಿಯುತ್ತಿದ್ದಳು. ನೀನು ಆರು ವರ್ಷಕ್ಕೇ ಸುಸ್ತಾಗಿದ್ದೀಯ.

ಈಗ ಕೇಳು. ಆ ಕಂಪನಿಯಲ್ಲಿ ಒಂದು ರೂಢಿ ಇತ್ತು. ನಾಟಕ ಮುಗಿದು ಪರದೆ ಬಿದ್ದ ಮೇಲೆ, ಹೆಣ್ಣುಪಾತ್ರ ಮಾಡಿದ ಗಂಡಸು ಪರದೆಯ ಮುಂದೆ ಬರಬೇಕು. ವಿಗ್ಗು ತೆಗೆದು, ಕ್ರಾಪು ತೋರಿಸಿ, ಕೈಮುಗಿಯಬೇಕು. “ಅಯ್ಯಯ್ಯೋ, ಗಂಡಸು!” ಅಂತ ಜನ ಬೆರಗಾಗಿ ಶಿಳ್ಳೆ ಹೊಡೆಯುತ್ತಿದ್ದರು. ಬೇರೆಯವರಿಗೆ ಅದು ಬಿರುದು ಇದ್ದ ಹಾಗೆ. ಇಂದುಮತಿಗೆ ಅದು ದಿನಾ ಸಾಯುವ ಕೆಲಸ. ಅದಕ್ಕಾಗಿಯೇ ಮಾಲೀಕ ಹದಿನೈದು ದಿನಕ್ಕೊಮ್ಮೆ ಕ್ಷೌರದವನನ್ನು ಕರೆಸಿ ಅವಳ ಕೂದಲು ಗಿಡ್ಡ ಮಾಡಿಸುತ್ತಿದ್ದ. ಅವಳು ಗೋಡೆಗೆ ಮುಖ ಮಾಡಿ ಕೂತು ಕತ್ತರಿಸಿಕೊಳ್ಳುತ್ತಿದ್ದಳು. ಅದೊಂದು ಬೇಡ ಅಂತ ಎಷ್ಟು ಸಲ ಬೇಡಿಕೊಂಡಳೋ. “ಜನ ಬರೂದೇ ಅದನ್ನ ನೋಡಾಕ. ಬ್ಯಾಡಂದ್ರ ಪಾತ್ರ ಬಿಡು” ಅನ್ನುತ್ತಿದ್ದ ಅವನು. ಪಾತ್ರ ಬಿಟ್ಟರೆ ಅವಳಿಗೆ ಭೂಮಿಯ ಮೇಲೆ ಬೇರೆ ಜಾಗವಿರಲಿಲ್ಲ. ತಾಯಿಯಾಗಿ ನಿಲ್ಲಬೇಕಾದರೆ ಕಡೆಗೊಮ್ಮೆ ಗಂಡಸಾಗಿ ಕೈಮುಗಿಯಬೇಕು. ಕೈಮುಗಿಯುತ್ತಿದ್ದಳು. ಆಗ ಪೇಟಿಯ ಮೇಲೆ ಕುಣಿತದ ಗತ್ತು ಬಾರಿಸುತ್ತಿದ್ದ ಕತ್ತೆ ಯಾರು ಅಂದುಕೊಂಡೆ? ನಾನೇ.

ಆದಿತ್ಯವಾರ ಹಗಲು ಹೆಂಗಸರಿಗೆಂದೇ ಒಂದು ಆಟ ಇರುತ್ತಿತ್ತು. ಒಂದು ಆದಿತ್ಯವಾರ ಟೆಂಟು ತುಂಬಿತ್ತು. ಬಹಳ ಜನ ಆ ಮೊದಲೇ ನೋಡಿದವರು. ಕಡೆಯ ಮೋಜಿಗೆ ಕಾಯುತ್ತಿದ್ದರು. ಮುಂದಿನ ಸಾಲಿನಲ್ಲಿ ಪಕ್ಕದ ಹಳ್ಳಿಯ ಒಬ್ಬ ಹೆಂಗಸು ಕೂತಿದ್ದಳು. ನಾಟಕ ಅನ್ನುವುದನ್ನು ಅವಳು ನೋಡಿದ್ದು ಅದೇ ಮೊದಲು. ಪರದೆ ಬಿತ್ತು. ಇಂದುಮತಿ ಮುಂದೆ ಬಂದಳು. ಕೈ ವಿಗ್ಗಿನ ಮೇಲಿತ್ತು. ನಾನು ಗತ್ತು ಶುರು ಮಾಡಿದೆ. ಅಷ್ಟರಲ್ಲಿ ಆ ಹೆಂಗಸು ಎದ್ದು ಬಂದು ರಂಗದ ಅಂಚನ್ನು ಹಿಡಿದುಕೊಂಡಳು.

“ನನ್ನ ಮಗನ್ನ ಉಳಿಸ್ಕೊಳ್ಳಾಕ ನನ್ನ ಕೈಲಿ ಆಗ್ಲಿಲ್ಲಬೇ” ಅಂದಳು. “ನೀನರ ಉಳಿಸ್ಕೊಂಡಿ. ನೋಡಿ ಹೊಟ್ಟಿ ತಣ್ಣಗಾತು.”

ಇಂದುಮತಿಯ ಕೈ ಕೆಳಗಿಳಿಯಿತು.

ಹನ್ನೊಂದು ವರ್ಷ ತನ್ನ ಸಲುವಾಗಿ ಅವಳು ಒಮ್ಮೆಯೂ ತಪ್ಪಿಸಿದವಳಲ್ಲ. ಆವತ್ತು ಆ ಹೆಂಗಸಿನ ಸಲುವಾಗಿ ನಿಂತುಬಿಟ್ಟಳು. ಈಗ ವಿಗ್ಗು ತೆಗೆದರೆ, ಮಗನನ್ನು ಕಳೆದುಕೊಂಡವಳು ನಂಬಿದ ಒಂದೇ ಒಂದು ಸಮಾಧಾನವನ್ನು ತಾನೇ ಅಪಹಾಸ್ಯ ಮಾಡಿದಂತೆ. ತೆಗೆಯದಿದ್ದರೆ ಪಾತ್ರ ಹೋಯಿತು. ಹಿಂದಿನಿಂದ “ತೆಗೀ, ತೆಗೀ” ಅಂತ ಕೂಗು ಶುರುವಾಯಿತು. ಪಕ್ಕದಿಂದ ಮಾಲೀಕ ಕಣ್ಣು ಕೆಂಪು ಮಾಡಿಕೊಂಡು ಕೈಸನ್ನೆ ಮಾಡುತ್ತಿದ್ದ. ಅವಳು ಅತ್ತ ತಿರುಗಿ ಇಲ್ಲ ಅಂತ ತಲೆ ಅಲ್ಲಾಡಿಸಿದಳು. ರಂಗದ ಅಂಚಿಗೆ ಬಂದು, ಮಂಡಿಯೂರಿ ಕೂತು, ಆ ಹೆಂಗಸಿನ ಎರಡೂ ಕೈ ಹಿಡಿದುಕೊಂಡಳು.

ಮಾಲೀಕ ದಡದಡ ಬಂದವನೇ ಹಿಂದಿನಿಂದ ವಿಗ್ಗು ಕಿತ್ತ.

ಅವಳು ತಲೆ ಮುಚ್ಚಿಕೊಳ್ಳಲಿಲ್ಲ. ಮುಚ್ಚಿಕೊಳ್ಳಬೇಕಾದರೆ ಆ ಹೆಂಗಸಿನ ಕೈ ಬಿಡಬೇಕಾಗುತ್ತಿತ್ತು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ನಗು ಟೆಂಟಿನ ತುಂಬ ಹಬ್ಬುವುದು ನನಗೆ ಗೊತ್ತಿತ್ತು. ದಿನಾ ಹಬ್ಬುತ್ತಿತ್ತು. ಆ ಹೆಂಗಸು ಇಂದುಮತಿಯ ಗಿಡ್ಡ ಕೂದಲನ್ನು ನೋಡಿದಳು. ಒಂದು ಕೈ ಬಿಡಿಸಿಕೊಂಡು ಮೆಲ್ಲಗೆ ಆ ತಲೆ ಸವರಿದಳು.

“ಅಯ್ಯ ನನ್ನವ್ವಾ! ಮಗನ ಸಲುವಾಗಿ ದೇವ್ರಿಗೆ ಮುಡಿ ಕೊಟ್ಟಿ ಏನಬೇ?” ಅಂದಳು. “ನನಗ ಆವಾಗ ಇದು ಹೊಳೀಲೇ ಇಲ್ಲ ನೋಡು.”

ಅಂದವಳು ತನ್ನ ಸೆರಗನ್ನು ಎಳೆದು ಇಂದುಮತಿಯ ತಲೆಯ ಮೇಲೆ ಹೊದಿಸಿದಳು.

ಮಡಿವಾಳಾ, ನಾನು ಎಷ್ಟೋ ಪುರಾಣ ಕೇಳಿದ್ದೇನೆ, ಹೇಳಿದ್ದೇನೆ. ಕಾಶಿಗೂ ಹೋಗಿ ಬಂದಿದ್ದೇನೆ. ಆವತ್ತು ಮೈ ಜುಮ್ಮೆಂದ ಹಾಗೆ ಮತ್ತೆಲ್ಲೂ ಅನ್ನಲಿಲ್ಲ. ಯಾವ ತಲೆಯನ್ನು ತೋರಿಸಿ ಇವಳು ಗಂಡಸು ಅಂತ ನಾವು ಹನ್ನೊಂದು ವರ್ಷ ಡಂಗುರ ಹೊಡೆದೆವೋ, ಅದೇ ತಲೆ ನೋಡಿ ಆ ಹೆಂಗಸು ತಾಯಿ ಅಂದಳು. ಆಮೇಲೆ ಸಾವಿರ ಹೆಂಗಸರಲ್ಲಿ ಒಬ್ಬರೂ ನಗಲಿಲ್ಲ. ಮೊದಲು ನಕ್ಕವರು ಬಾಯಿಗೆ ಸೆರಗು ಒತ್ತಿಕೊಂಡರು. ನನ್ನ ಕೈ ಪೇಟಿಯ ಮೇಲೆ ಸುಮ್ಮನೆ ಬಿದ್ದಿತ್ತು. ಮಾಲೀಕ ವಿಗ್ಗು ಹಿಡಿದುಕೊಂಡು, ಅದನ್ನು ಎಲ್ಲಿ ಇಡಬೇಕೋ ತಿಳಿಯದೆ ನಿಂತಿದ್ದ.

ಇಂದುಮತಿ ತಾನು ಯಾರು ಅಂತ ಒಂದು ಮಾತೂ ಹೇಳಲಿಲ್ಲ. “ನಿನ್ನ ಮಗನ ಹೆಸರೇನವ್ವಾ?” ಅಂತ ಕೇಳಿದಳು, ಅಷ್ಟೇ.

“ಯಮನೂರ” ಅಂದಳು ಆ ಹೆಂಗಸು. ಮಗ ಸತ್ತ ಮೇಲೆ ಆ ಹೆಸರನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲಂತೆ. ಜೊತೆಗೆ ಬಂದಿದ್ದ ಅವಳ ನಾದಿನಿ ಆಮೇಲೆ ಅಳುತ್ತಾ ಹೇಳಿದಳು. ಇಂದುಮತಿಯೂ ಆ ಹೆಂಗಸೂ ಎಷ್ಟು ಹೊತ್ತು ಕೈ ಹಿಡಿದುಕೊಂಡೇ ಇದ್ದರೋ, ಯಾರೂ ಎದ್ದು ಹೋಗಲಿಲ್ಲ.

ಮರುವಾರ ಕ್ಷೌರದವನು ಬಂದಾಗ ಮಾಲೀಕನೇ ಅವನನ್ನು ಹಿಂದಕ್ಕೆ ಕಳಿಸಿದ. ಗೋಡೆಗೆ ಹಚ್ಚುವ ಹಾಳೆಯ ಮೇಲೆ ಇಂದುಮತಿ ಅಂತ ಅಚ್ಚು ಹಾಕಿಸಿದ. ಅವಳು ಮುಂದೆ ಹದಿನಾಲ್ಕು ವರ್ಷ ತನ್ನದೇ ಕೂದಲು ಬಾಚಿಕೊಂಡು ಆ ತಾಯಿಯ ಪಾತ್ರ ಮಾಡಿದಳು ಅಂತ ಕೇಳಿದ್ದೇನೆ. ನಾನು ಮಾತ್ರ ಆ ಊರಿನಿಂದಲೇ ಪೇಟಿ ಬಿಟ್ಟು ಇತ್ತ ಬಂದೆ.

ಅಜ್ಜಾರು ಮಾತು ನಿಲ್ಲಿಸಿದರು. ಮಡಿವಾಳಯ್ಯ ಕಣ್ಣು ಒರೆಸಿಕೊಂಡ. ಆದರೂ ಅವನ ಮನಸ್ಸಿನಲ್ಲಿ ಒಂದು ಮುಳ್ಳು ಉಳಿದಿತ್ತು.

“ಅಜ್ಜಾರೇ, ಪಾಪ, ಆ ಹೆಂಗಸಿಗೆ ಆಮೇಲಾದರೂ ಯಾರೂ ನಿಜ ಹೇಳಲಿಲ್ಲವೇ?”

“ಹುಚ್ಚಪ್ಪಾ, ಅಷ್ಟು ದೊಡ್ಡ ಟೆಂಟಿನಲ್ಲಿ ನಿಜ ಕಂಡವಳು ಅವಳೊಬ್ಬಳೇ ಅಲ್ಲವೇನೋ!”