ಸಾಕೆಂದ ಕೋಡಿ

ಕೆಂಡಗಲ್ಲು ಗುಡ್ಡದ ಬೆನ್ನಿಗಿರುವ ಕೆರೆಯನ್ನು ಯಾರೂ ಕಟ್ಟಿಸಿದ್ದಲ್ಲ. ಅದರ ಏರಿಯೆಂದರೆ ಬರೀ ಬೂದಿಮಣ್ಣು, ಜೇನುಹುಟ್ಟಿನಂತೆ ತೂತುತೂತಾದ ಕರಿಗಲ್ಲು. ಮನುಷ್ಯರ ಕೈ ಮುಟ್ಟಿದ್ದು ಬಡಗಣ ಮೂಲೆಯ ಕೋಡಿಯೊಂದನ್ನೇ. ಎಂಥ ಮಳೆಗಾಲದಲ್ಲೂ ಹೆಚ್ಚಿನ ನೀರು ಅಲ್ಲಿನ ಬಂಡೆಯ ಮೇಲೆ ಹಾಯ್ದು ಸದ್ದಿಲ್ಲದೆ ಹಳ್ಳಕ್ಕಿಳಿಯುತ್ತದೆ. ಅದಕ್ಕೆ ಸಾಕಂದಗೋಡಿ ಎಂದು ಹೆಸರು. ಸಾಕಮ್ಮನೆಂಬ ಯಾವಳೋ ಕಟ್ಟಿಸಿರಬೇಕೆಂದು ಹೊರಗಿನವರು ತಿಳಿಯುತ್ತಾರೆ. ಆದರೆ ಆ ಹೆಸರು ಹುಟ್ಟಿದ್ದು ದ್ಯಾವಕ್ಕ ಎಂಬವಳು ಆಡಿದ ಒಂದು ಮಾತಿನಿಂದ.

ಹಿಂದೆ ಒಮ್ಮೆ ಆ ಕಣಿವೆಯಲ್ಲಿ ಕೆರೆಯಿರಲಿಲ್ಲ, ಮೇಲ್ಗುಂದವೆಂಬ ಊರಿತ್ತು. ಹಳ್ಳದ ಗುಂಟ ಇಳಿದರೆ ಕೆಳಗುಂದ. ಮೇಲ್ಗುಂದದ ದ್ಯಾವಕ್ಕನನ್ನು ಕೆಳಗುಂದಕ್ಕೆ ಕೊಟ್ಟಿದ್ದರು. ತಾಯಿ ತೀರಿಕೊಂಡ ಮೇಲೂ ಅಣ್ಣ ಓಬಯ್ಯ ಪಂಚಮಿಗೆ ತಪ್ಪದೆ ಬಂದು ತಂಗಿಯನ್ನು ತವರಿಗೆ ಕರೆದೊಯ್ಯುತ್ತಿದ್ದ. ಒಂದು ವರ್ಷ ಕೆಂಡಗಲ್ಲು ಒಳಗಿಂದಲೇ ಗುಡುಗಿತು. ನೆಲ ಕಾಯ್ದು ಬಾವಿಯ ನೀರು ಬಿಸಿಯಾದಾಗ ಮೇಲ್ಗುಂದದವರು ದನಕರು ಹೊಡೆದುಕೊಂಡು ಕೆಳಗಿಳಿದರು. ಅವರ ಬೆನ್ನಿಗೇ ಗುಡ್ಡ ಬಾಯಿಬಿಟ್ಟು ಬೆಂಕಿ ಉಗುಳಿತು, ಅದರ ಒಂದು ಮಗ್ಗುಲು ಕುಸಿದು ಎರಡು ಊರುಗಳ ನಡುವೆ ಹಳ್ಳಕ್ಕೆ ಅಡ್ಡ ಬಿತ್ತು ಎನ್ನುತ್ತಾರೆ. ಗುಡ್ಡವೇನೋ ತಣಿಯಿತು. ಆದರೆ ಮಳೆ ಹಿಡಿಯಿತು, ತಡೆದ ನೀರು ಏರಿತು, ಮೇಲ್ಗುಂದ ಪೂರ್ತಿ ಮುಳುಗಿತು.

ಬೂದಿಯ ಒಡ್ಡಿನ ಮೇಲೆ ನೀರು ಹಾಯ್ದರೆ ಅದು ಬೆಲ್ಲದಂತೆ ಕರಗಿ ಕೆಳಗುಂದ ಕೊಚ್ಚಿಹೋಗುವುದೆಂದು ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಎರಡೂ ಊರಿನವರು ಸೇರಿ, ಒಡ್ಡು ಗಟ್ಟಿ ಬಂಡೆಗೆ ಒರಗಿದ್ದ ಕಡೆ ಕಾಲುವೆ ತೋಡಿದರು. ಗೇಣುದ್ದ ತೋಡುವುದು, ಚಪ್ಪಡಿ ಹೊದಿಸುವುದು, ಅಷ್ಟು ನೀರು ಮೆಲ್ಲಗೆ ಹರಿದುಹೋಗುವ ತನಕ ಕಾಯುವುದು, ಮತ್ತೆ ತೋಡುವುದು. ದ್ಯಾವಕ್ಕ ಮಣ್ಣಿನ ಬುಟ್ಟಿ ಹೊರುತ್ತಲೇ ನೀರಿನತ್ತ ನೋಡುವಳು. ಮೊದಲು ಊರ ಹುಣಸೆಯ ತುದಿ ಎದ್ದಿತು, ಆಮೇಲೆ ತವರುಮನೆಯ ಗೋಡೆತಲೆ. ತಿಳಿನೀರಿನಡಿ, ಅವ್ವ ಅವಳನ್ನು ಕೂರಿಸಿಕೊಂಡು ತಲೆ ಬಾಚುತ್ತಿದ್ದ ಜಗುಲಿಯೂ ಮಸುಕಾಗಿ ಕಂಡಿತು.

ಅಷ್ಟರಲ್ಲಿ ಗುದ್ದಲಿ ಬಂಡೆಗೆ ತಾಗಿ ಖಣ್ಣೆಂದಿತು. ಇನ್ನೂ ಇಳಿಸಬೇಕಾದರೆ ಬಂಡೆ ಬಿಟ್ಟು ಪಕ್ಕದ ಬೂದಿಯನ್ನೇ ಅಗೆಯಬೇಕು. ಕೆಳಗುಂದದವರು ಗುದ್ದಲಿ ಕೆಳಗಿಟ್ಟರು. ಮೇಲ್ಗುಂದದವರು ಇಡಲಿಲ್ಲ. "ಇನ್ನೊಂದು ಆಳುದ್ದ ಇಳಿದ್ರೆ ನಮ್ಮೂರು ನಮಗೆ," ಎಂದು ಓಬಯ್ಯ ಬೂದಿಗೆ ಕಾಲಿಟ್ಟ. ಮಾತಿಗೆ ಮಾತು ಬೆಳೆದು ಹೊಡೆದಾಟಕ್ಕೆ ತಿರುಗುವುದರಲ್ಲಿತ್ತು. ಆಗ ಹಿರಿಯನೊಬ್ಬ, "ದ್ಯಾವಕ್ಕ ಎರಡೂ ಊರಿನ ಮಗಳು. ಅವಳು ಹೇಳಿದಂಗಾಗ್ಲಿ," ಎಂದ. ಎಲ್ಲರೂ ಒಪ್ಪಿದರು. ಅವಳು ಬುಟ್ಟಿ ಕೆಳಗಿಟ್ಟು ಜಗುಲಿಯತ್ತ ನೋಡಿದಳು. ಆಮೇಲೆ, "ಸಾಕು," ಎಂದಳು.

"ನಿಂಗೆ ಅವ್ವನ ನೆನಪೇ ಬರಲ್ವೇನೇ?" ಓಬಯ್ಯ ಗುದ್ದಲಿ ಬಿಡದೆ ಕೇಳಿದ.

"ಬರ್ತೈತಣ್ಣಾ. ಇನ್ನೊಂದು ಗಳಿಗೆ ನೋಡಿದ್ರೆ ನಾನೇ ಗುದ್ದಲಿ ಹಿಡೀತೀನಿ. ಸಾಕು. ಕಲ್ಲು ಹಾಸಿಬಿಡ್ರಿ."

ಕಲ್ಲು ಹಾಸಿದರು. ಕೆಳಗುಂದ ಉಳಿಯಿತು. ಓಬಯ್ಯ ತಂಗಿಗೆ ಹೇಳದೆಯೇ ತನ್ನವರನ್ನು ಕಟ್ಟಿಕೊಂಡು ಗುಡ್ಡದಾಚೆಯ ಸೀಮೆಗೆ ಹೊರಟುಹೋದ. ಪಂಚಮಿ ಬಂತು. ಓರಗಿತ್ತಿಯರನ್ನು ಕರೆಯಲು ಅವರವರ ಅಣ್ಣತಮ್ಮಂದಿರು ಬಂದರು. ದ್ಯಾವಕ್ಕನ ಬಾಗಿಲಿಗೆ ಯಾರೂ ಬರಲಿಲ್ಲ. ಅವಳು ಸೆರಗಿನಲ್ಲಿ ಎಳ್ಳುಂಡೆ ಕಟ್ಟಿಕೊಂಡು ಕೋಡಿಗೆ ಹೋಗಿ ಕೂತಳು. ಮರುವರ್ಷವೂ ಕೂತಳು. ಹುಣಸೆ ಕೊಳೆತು ಬಿತ್ತು, ಗೋಡೆ ನೀರಿನಲ್ಲಿ ಕರಗಿತು, ಜಗುಲಿಯ ಮೇಲೆ ಹೂಳು ತುಂಬಿತು. ಅವಳ ತಲೆ ನರೆತ ಮೇಲೆ, ಒಂದು ಪಂಚಮಿಯ ದಿನ, ಕೋಲೂರಿಕೊಂಡ ಮುದುಕನೊಬ್ಬ ಏರಿ ಹತ್ತಿ ಬಂದ.

"ಕರೆಯಾಕೆ ಬಂದೀನಿ, ತಂಗಿ."

"ಎಲ್ಲಿಗಣ್ಣಾ?"

ಓಬಯ್ಯ ಹೆಗಲ ಕಂಬಳಿ ತೆಗೆದು ಚಪ್ಪಡಿಯ ಮೇಲೆ ಹಾಸಿದ. ಅಣ್ಣತಂಗಿಯರಿಬ್ಬರೂ ಕೂತು, ಏನೂ ಕಾಣದ ನೀರಿನತ್ತ ಬೆರಳು ಮಾಡಿ, ಅಗೋ ಕೊಟ್ಟಿಗೆ, ಅದರ ಎಡಕ್ಕೆ ಅವ್ವನ ಒಳಕಲ್ಲು ಎನ್ನುತ್ತ ಹೊತ್ತು ಮುಳುಗುವವರೆಗೆ ತವರೆಲ್ಲ ತಿರುಗಾಡಿದರು ಎನ್ನುತ್ತಾರೆ.

ತವರಿನಲ್ಲಿ ಯಾರೂ ಉಳಿಯದ ಹೆಣ್ಣುಮಕ್ಕಳು ಪಂಚಮಿಯಂದು ಇಂದಿಗೂ ಆ ಚಪ್ಪಡಿಗಳ ಮೇಲೆ ಬುತ್ತಿ ಬಿಚ್ಚಿ ಕೂರುವುದನ್ನು ನೋಡಬಹುದು. ಕೆರೆಯಲ್ಲಿ ಕಾಣುವುದು ಆಕಾಶವಷ್ಟೇ. ಆದರೂ ಕಥೆ ಕೇಳಿದವರು ಏಳುವ ಮೊದಲು ಒಮ್ಮೆ ಬಗ್ಗಿ ನೋಡುತ್ತಾರೆ.