ಕಪ್ಪು ಬಳಿದ ಟೈರು

ಹೊಳೆದಂಡೆಯ ಆ ಆಶ್ರಮಕ್ಕೆ ಇದ್ದದ್ದು ಒಂದೇ ವಾಹನ. ಭಕ್ತರೊಬ್ಬರು ತಾವು ಓಡಿಸಿ ಸಾಕಾದ ಚಿಕ್ಕ ಎಸ್‌ಯುವಿಯನ್ನು ಕೊಟ್ಟು ಹೋಗಿದ್ದರು. ಬೆಟ್ಟದ ಮೇಲಿನ ಪುಟ್ಟ ಊರಿನಿಂದ ಕಾಯಿಲೆಯವರನ್ನು, ಬಸುರಿಯರನ್ನು ಪೇಟೆಯ ಆಸ್ಪತ್ರೆಗೆ ಇಳಿಸುವುದು ಅದರ ಕೆಲಸ.

ಓಡಿಸುವವನು ಶಿಷ್ಯ ಶಾಂತಮಲ್ಲ. ಯಾರನ್ನೂ ಸುಲಭಕ್ಕೆ ನಂಬುವ ಆಸಾಮಿಯಲ್ಲ. ಹಾಲಿನವನ ಎದುರಿಗೇ ಹಾಲಿಗೆ ಬೆರಳು ಅದ್ದಿ ನೋಡುತ್ತಿದ್ದ.

ಹಿಂದಿನ ವಾರ ಮಳೆಯಲ್ಲಿ, ಬೆಟ್ಟದ ಮೂರನೇ ತಿರುವಿನಲ್ಲಿ ಕಾರು ಒಂದು ಮಾರು ಜಾರಿತ್ತು. ಗುರುಗಳು ಅಂದೇ ಹೇಳಿದ್ದರು: "ಟೈರ್ ಬದಲಾಯಿಸು. ಬರೋ ಗುರುವಾರ ಮಾದಮ್ಮನನ್ನ ಹೆರಿಗೆಗೆ ಇಳಿಸಬೇಕು."

ಬುಧವಾರ ಬೆಳಿಗ್ಗೆ ಪೇಟೆಗೆ ಹೋದ ಶಾಂತಮಲ್ಲ ಮಧ್ಯಾಹ್ನ ಹಿಂದಿರುಗಿದ. ಕಾರಿಗೆ ಹಳೆಯ ಟೈರುಗಳೇ ಇದ್ದವು.

ಗುರುಗಳು ಹೊಳೆಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದರು.

"ಎಲ್ಲಿ ಟೈರು?"

"ಎಲ್ಲರೂ ಮೋಸಗಾರರು, ಬುದ್ಧಿ."

"ಮೊದಲನೇ ಅಂಗಡಿಯವನು?"

"ಟೈರ್ ಮೇಲೆ ಅದು ತಯಾರಾದ ವಾರ, ವರ್ಷ ಹೇಳೋ ನಾಲ್ಕು ಅಂಕಿ ಇರುತ್ತೆ. ಟಾರ್ಚ್ ಹಾಕ್ಕೊಂಡು ಓದಿದೆ. ಮೂರು ತಿಂಗಳ ಹಿಂದಿನದು."

"ಹೊಸದೇ ಆಯ್ತಲ್ಲ."

"ಅಷ್ಟು ಹೊಸ ಮಾಲು ನಮ್ಮ ಪೇಟೆಗೆ ಯಾಕೆ ಬರುತ್ತೆ? ಅಂಕಿ ತಿದ್ದಿರ್ತಾನೆ."

"ಎರಡನೆಯವನು?"

"ಕುರ್ಚಿ ಹಾಕಿ ಟೀ ತರಿಸಿದ. ಕಾರಣ ಇಲ್ಲದೆ ಯಾರಾದ್ರೂ ಟೀ ಕೊಡ್ತಾರಾ?"

"ಕುಡಿದೆಯಾ?"

"ಕುಡಿದೆ. ಆಮೇಲೆ ದಪ್ಪ ಗೀರಿನ ಟೈರ್ ತೋರಿಸಿ, ಬೆಟ್ಟದ ಕೆಸರಿಗೆ ಇದೇ ಸರಿ ಅಂದ. ಮೊದಲನೆಯವನು ಟಾರು ರಸ್ತೆಗೆ ಸಣ್ಣ ಗೀರೇ ಸರಿ ಅಂದಿದ್ದ. ಇಬ್ಬರಲ್ಲಿ ಒಬ್ಬ ಸುಳ್ಳು ಹೇಳ್ತಿದ್ದಾನೆ. ಯಾರು ಅಂತ ಗೊತ್ತಾಗಲಿಲ್ಲ, ಅದಕ್ಕೆ ಇಬ್ಬರನ್ನೂ ಬಿಟ್ಟೆ."

ಗುರುಗಳಿಗೆ ನಗು ಬಂತು. ತೋರಿಸಿಕೊಳ್ಳಲಿಲ್ಲ.

"ಸೇತುವೆ ಹತ್ತಿರ ಮಕ್ಬೂಲ್ ಸಾಬರಿದ್ದಾರಲ್ಲ?"

"ಅವರು ಎಲ್ಲರಿಗಿಂತ ಕಿಲಾಡಿ. ಯಾವ ರಸ್ತೆ, ಯಾರನ್ನ ಕೂರಿಸ್ಕೊಂಡು ಹೋಗ್ತೀರಿ ಅಂತೆಲ್ಲ ಕೇಳಿದ್ರು. ಟೈರ್ ಮಾರೋರಿಗೆ ಅದ್ಯಾಕೆ? ಆಮೇಲೆ ನಮ್ಮ ಕಾರಿನ ಟೈರ್ ಮೇಲೆ ಕೈಯಾಡಿಸಿದ್ರು. ಅಂಗೈ ನೋಡ್ಕೊಂಡ್ರು. 'ಮೊದಲು ಇದನ್ನ ಸೋಪು ಹಾಕಿ ತೊಳ್ಕೊಂಡು ಬನ್ನಿ, ಆಮೇಲೆ ಮಾತಾಡೋಣ' ಅಂದ್ರು. ಬೆಲೇನೂ ಹೇಳಲಿಲ್ಲ. ಬಂದ ಗಿರಾಕೀನ ವಾಪಸ್ ಕಳಿಸೋ ಅಂಗಡಿಯವರನ್ನ ಎಲ್ಲಾದ್ರೂ ಕಂಡಿದ್ದೀರಾ, ಬುದ್ಧಿ? ಇದರಲ್ಲಿ ಏನೋ ಇದೆ."

"ಇದೆ," ಎಂದರು ಗುರುಗಳು.

ತನ್ನ ಅನುಮಾನವನ್ನು ಗುರುಗಳೇ ಒಪ್ಪಿದರೆಂದು ಶಾಂತಮಲ್ಲನಿಗೆ ಖುಷಿಯಾಯಿತು.

"ಸರಿ, ನಾಳೆ ಮಾದಮ್ಮ?"

"ಈ ಟೈರಲ್ಲೇ ಇನ್ನೊಂದು ಸಲ ಹೋಗಿ ಬರಬಹುದು. ಗೀರು ಇನ್ನೂ ಇದೆ. ಹೇಗೆ ಹೊಳೀತಿವೆ, ನೋಡಿ."

ಹೊಳೆಯುತ್ತಿದ್ದವು, ನಿಜ. ಹಿಂದಿನ ದಿನ ಅವನೇ ಕೂತು ನಾಲ್ಕಕ್ಕೂ ಕಪ್ಪು ಪಾಲಿಶ್ ಬಳಿದಿದ್ದ. ಟೈರು ಮುದಿಯಾಗಿದೆ ಎಂದು ಗೊತ್ತಾದರೆ ಅಂಗಡಿಯವರು ಬೆಲೆ ಏರಿಸುತ್ತಾರೆ ಎಂಬುದು ಅವನ ಹುಷಾರು. ಬಳಿದು ಮುಗಿಯುವ ಹೊತ್ತಿಗೆ ಟೈರು ಚೆನ್ನಾಗಿಯೇ ಇದೆ ಎಂದು ಅವನಿಗೇ ಅನ್ನಿಸತೊಡಗಿತ್ತು. ಹಳೇ ಟೈರಿಗೆ ಶೃಂಗಾರ ಮಾಡಿಕೊಂಡು ಹೊಸದು ಕೊಳ್ಳಲು ಹೋದವರು ಆ ಪೇಟೆಯಲ್ಲಿ ಇನ್ನೊಬ್ಬರು ಇರಲಾರರು.

ಗುರುಗಳು ಎದ್ದರು. ಒಗೆಯುತ್ತಿದ್ದ ಕಾವಿ ವಸ್ತ್ರವನ್ನೂ ಸೋಪಿನ ತುಂಡನ್ನೂ ಹಿಡಿದು ಕಾರಿನ ಹತ್ತಿರ ನಡೆದರು. ಮುಂದಿನ ಚಕ್ರದ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಉಜ್ಜತೊಡಗಿದರು.

"ಬುದ್ಧಿ, ಅದು ಕಾವಿ ಬಟ್ಟೆ. ಕೊಡಿ, ಬೇರೆ ಚಿಂದಿ ತಂದು ನಾನು ಉಜ್ತೀನಿ."

ಅವರು ಕೊಡಲಿಲ್ಲ.

ಕಾವಿ ಕಪ್ಪಾಯಿತು. ಪಾಲಿಶ್ ಹೋದ ಕಡೆಯೆಲ್ಲ ಟೈರಿನ ಪಕ್ಕೆಯಲ್ಲಿ ಬಿರುಕುಗಳು ಕಂಡವು, ಚಳಿಗಾಲದಲ್ಲಿ ಒಡೆದ ಹಿಮ್ಮಡಿಯ ಹಾಗೆ.

"ಅಂಕಿ ಓದು."

ಟಾರ್ಚ್ ಬೇಕಾಗಲಿಲ್ಲ. ಬೆಳಿಗ್ಗೆಯಿಂದ ಪೇಟೆಯ ಟೈರುಗಳ ಜಾತಕ ನೋಡಿದವನು ತನ್ನ ಕಾರಿನದನ್ನು ನೋಡಿದ್ದು ಅದೇ ಮೊದಲು.

"ಒಂಬತ್ತು ವರ್ಷದ ಹಿಂದಿನದು," ಎಂದ. ದನಿ ಸಣ್ಣಗಾಗಿತ್ತು.

ಗುರುಗಳು ಹಿಂದಿನ ಬಾಗಿಲು ತೆಗೆದು ಒಳಗೆ ಕೂತರು.

"ಮಾದಮ್ಮ ಕೂರೋದು ಇಲ್ಲೇ ಅಲ್ವಾ? ನಡಿ, ಬೆಟ್ಟ ಹತ್ತಿಸಿ ಇಳಿಸು."

"ಬೇಡ, ಬುದ್ಧಿ."

"ಯಾಕೆ? ಇನ್ನೊಂದು ಸಲ ಹೋಗಬಹುದು ಅಂದೆಯಲ್ಲ."

"ನೀವು ಕೂತಿದ್ದೀರಿ. ನನ್ನ ಕೈಲಾಗಲ್ಲ."

ಗುರುಗಳು ಕೂತಲ್ಲಿಂದಲೇ ಕೇಳಿದರು.

"ಹೋದ ತಿಂಗಳು ಅವಳನ್ನ ತಪಾಸಣೆಗೆ ಕರ್ಕೊಂಡು ಹೋದೆ. ಹತ್ತೋ ಮುಂಚೆ ಟೈರ್ ನೋಡಿದಳಾ?"

"ಇಲ್ಲ, ಬುದ್ಧಿ. ಅವರಮ್ಮ ಹೆದರಿದಾಗ, 'ಶಾಂತಮಲ್ಲಣ್ಣ ಇದ್ದಾರಲ್ಲ' ಅಂದಳು. ಎರಡನೇ ತಿರುವು ದಾಟೋ ಹೊತ್ತಿಗೆ ನಿದ್ದೆ ಹೋಗಿದ್ದಳು."

ಹೇಳುತ್ತಿದ್ದಂತೆ ಅವನ ಕಣ್ಣು ತುಂಬಿತು. ಅದರ ಮುಂದಿನ, ಹೋದ ವಾರ ಕಾರು ಜಾರಿದ್ದ ತಿರುವು ನೆನಪಾಯಿತು. ಊರವರನ್ನೆಲ್ಲ ಅನುಮಾನಿಸಿಕೊಂಡು ಬಂದ ತನ್ನ ಬಗ್ಗೆಯೇ ಅವನಿಗೆ ತುಂಬಾ ನಾಚಿಕೆಯಾಯಿತು.

ಗುರುಗಳು ಕಾರಿನಿಂದ ಇಳಿದರು. ಉಳಿದ ಮೂರು ಟೈರುಗಳನ್ನು ಶಾಂತಮಲ್ಲನೇ ತೊಳೆದ. ಎಲ್ಲದರ ಪಕ್ಕೆಯೂ ಹಾಗೇ ಒಡೆದಿತ್ತು.

"ಪೇಟೆ ದಾರಿ ಸಮ ಇದೆ, ನಿಧಾನಕ್ಕೆ ಹೋಗ್ತೀನಿ," ಎಂದು ಕೀಲಿ ತೆಗೆದುಕೊಂಡ. "ಯಾವ ರಸ್ತೆ, ಯಾರು ಕೂರ್ತಾರೆ, ಎಲ್ಲ ಸಾಬರಿಗೆ ಹೇಳ್ತೀನಿ. ಅವರು ಹೇಳಿದ ಟೈರನ್ನೇ ಹಾಕಿಸ್ಕೊಂಡು ಬರ್ತೀನಿ."

ಕಾರು ಹತ್ತಲು ಹೋದವನು ಬಾಗಿಲು ಹಿಡಿದು ನಿಂತ. ಅವನ ಅನುಮಾನ ಒಂದು ತುಂಡು ಸೋಪಿಗೆ ಹೋಗುವಂಥದ್ದಲ್ಲ.

"ಆದರೂ ಬುದ್ಧಿ, ಆ ಅಂಗಡೀಲಿ ಮೋಸ ಇಲ್ಲ ಅಂತ ಹೇಗೆ ನಂಬೋದು?"

ಗುರುಗಳು ಕಪ್ಪಾದ ಕಾವಿಯನ್ನು ಹಿಂಡಿ ಹೆಗಲ ಮೇಲೆ ಹಾಕಿಕೊಂಡರು.

"ಇವತ್ತು ಬೆಳಿಗ್ಗೆ ಆ ಅಂಗಡಿಗೆ ಒಬ್ಬ ಮೋಸಗಾರ ಬಂದಿದ್ದ, ಅದು ನಿಜ. ತೊಳ್ಕೊಂಡು ಬನ್ನಿ ಅಂತ ಸಾಬರು ಅವನನ್ನ ವಾಪಸ್ ಕಳಿಸಿದ್ರು."