ಕೆಂಚೀರ ಅಪ್ಪನ ಬೀರು ಕಾಯ್ದ ಕತೆ

ಹೂಂಗುಡಲು ಒಬ್ಬರಾದರೂ ಎಚ್ಚರವಾಗಿರಿ. ಇಲ್ಲದಿದ್ದರೆ ಈ ಪೆದ್ದನ ಜೊತೆ ನಾನೊಬ್ಬನೇ ಉಳಿದುಬಿಡುತ್ತೇನೆ.

ಒಂದೂರಲ್ಲಿ ನಿಂಗಾಜಮ್ಮ. ಅವಳಿಗೊಬ್ಬನೇ ಮಗ, ಕೆಂಚೀರ. ಎತ್ತಿನಂಥ ಮೈ. ದೇವರು ಬುದ್ಧಿ ಹಂಚುವಾಗ ಮಾತ್ರ ಇವನು ಮಲಗಿದ್ದ. ನಿಂಗಾಜಮ್ಮನ ಗಂಡ ಸಾಯುವ ಮುಂಚೆ ಒಂದೇ ಮಾತು ಕೇಳಿಕೊಂಡಿದ್ದ: "ಪಿತೃಪಕ್ಷದ ಎಡೇಲಿ ಅಂಗಡಿ ಬಾಟ್ಲು ಇಡಬ್ಯಾಡ ಕಣಮ್ಮಿ. ನಿನ್ ಕೈಯಾರೆ ರಾಗಿ ಬೀರು ಮಾಡಿಡು." ಅವಳು ಹಿಂದೆಂದೂ ಬೀರು ಮಾಡಿದವಳಲ್ಲ. ಆದರೆ ಮೊದಲ ವರ್ಷದ ಎಡೆ, ಸತ್ತವನ ಆಸೆ. ತೀರಿಸದಿದ್ದರೆ ಹೇಗೆ!

"ಮಗ, ಮೊಳಕೆ ಬರಬೇಕು, ರಾಗೀನ ನೀರಿಗೆ ಹಾಕ್ಲಾ" ಅಂದಳು.

"ಆಯ್ತು ಕಣವ್ವ" ಅಂದ. ಹೋದ. ಮೂಟೆ ಸಮೇತ ಕೆರೆಗೆ ಹಾಕಿ ಬಂದ!

"ಅಯ್ಯೋ ನಿನ್ ಬುದ್ಧಿಗೆ ಬೆಂಕಿ ಬೀಳ! ಗಡಿಗೆಗೆ ಹಾಕಿ, ಬಾಯಿಗೆ ಬಟ್ಟೆ ಬಿಗಿದು, ಕತ್ತಲೆ ಮೂಲೇಲಿ ಮಡಗಬೇಕು ಕಣ್ಲಾ!"

"ಇನ್ಮೇಲೆ ಹಂಗೇ ಮಾಡ್ತೀನಿ ಕಣವ್ವ."

ಮಾರನೇ ದಿನ ಎಡೆಗೆಂದು ಹುಂಜ ತಂದಳು. "ಇದನ್ನ ಜೋಪಾನ ಮಾಡ್ಲಾ" ಅಂದಳು. ಮಾಡಿದ. ಗಡಿಗೆಗೆ ಹಾಕಿದ, ಬಟ್ಟೆ ಬಿಗಿದ, ಕತ್ತಲೆ ಮೂಲೆಯಲ್ಲಿ ಇಟ್ಟ. ಸಂಜೆ ಬಿಚ್ಚಿ ನೋಡಿದರೆ ಹುಂಜ ಸತ್ತು ಸೆಟೆದುಕೊಂಡಿತ್ತು.

"ಜೀವ ಇರೋದ್ನ ಮುಚ್ಚಿಡ್ತಾರೇನ್ಲಾ! ಅಂಗಳಕ್ಕೆ ಬಿಟ್ಟು, ಕಾಳು ಎರಚಿ, ಬಾ ಬಾ ಅನ್ನಬೇಕು!"

"ಇನ್ಮೇಲೆ ಹಂಗೇ ಮಾಡ್ತೀನಿ ಕಣವ್ವ."

ನಿಂಗಾಜಮ್ಮ ಬೇರೆ ರಾಗಿ ತಂದು, ತಾನೇ ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ಗಂಜಿ ಕಾಯಿಸಿ ಆರಿಸಿದಳು. ಹುದುಗು ಬರಿಸುವ ಉಂಡೆ ಪುಡಿಮಾಡಿ ಹಾಕಿದಳು. ಗಡಿಗೆಯಲ್ಲಿ ನೊರೆ ಎದ್ದಿತು, ಗುಳುಗುಳು ಅಂದಿತು.

"ಜೀವ ಬಂತು ನೋಡ್ಲಾ!" ಅಂತ ಹಿಗ್ಗಿ ಸೌದೆಗೆ ಹೋದಳು.

ಜೀವ ಬಂತಲ್ಲ! ಕೆಂಚೀರ ಗಡಿಗೆಯನ್ನು ಅಂಗಳಕ್ಕೆ ಬಗ್ಗಿಸಿದ, ಕಾಳು ಎರಚಿದ, "ಬಾ ಬಾ ಬಾ" ಅಂದ. ಬೀರು ಬರಲಿಲ್ಲ, ಬೀದಿ ಕೋಳಿಗಳೆಲ್ಲ ಬಂದವು. ಸಂಜೆಗೆ ಅವು ಗೂಡಿನ ದಾರಿ ಮರೆತು, ಊರ ಗಂಡಸರ ಹಾಗೆ ಪಂಚಾಯ್ತಿ ಕಟ್ಟೆಯ ಮೇಲೆ ಉರುಳಿದ್ದವು.

"ಲೋ ಮುಂಡೇದೆ! ಬಾಗಿಲ ಸಂದೀಲಿ ಕೂತು ಕಾಯ್ಬೇಕು ಕಣ್ಲಾ! ಬಾಯಿ ಹಾಕಾಕೆ ಯಾರೇ ಬರಲಿ, ತಬ್ಬಿ ಹಿಡ್ಕೊಂಡು ನನ್ನ ಕೂಗಬೇಕು!"

"ಇನ್ಮೇಲೆ ಹಂಗೇ ಮಾಡ್ತೀನಿ ಕಣವ್ವ."

ಪಾಪ, ಅವಳು ಮತ್ತೆ ಮಾಡಿದಳು. ಅಮಾವಾಸ್ಯೆ ಬಂತು. ಎಲೆ ತುಂಬ ಬಾಡು, ವಡೆ, ಪಕ್ಕದಲ್ಲಿ ಚೊಂಬು ತುಂಬ ಬೀರು. "ಎಲ್ರೂ ಆಚೆ ಬನ್ನಿ. ಕೆಂಚೀರನ ಅಪ್ಪ ಒಳಗ್ ಬಂದು ಕುಡೀತಾನೆ" ಅಂತ ಬಾಗಿಲು ಹಾಕಿದಳು. ನೆಂಟರೆಲ್ಲ ಜಗಲಿಯಲ್ಲಿ ಕೈಕಟ್ಟಿ ನಿಂತರು. ಕೆಂಚೀರ? ಅವನು ಒಳಗೇ, ಬಾಗಿಲ ಸಂದಿಯಲ್ಲಿ!

ಹಿತ್ತಲ ಬಾಗಿಲು ಕಿರ್ ಅಂದಿತು. ಬಂದವರು ಕುಡಿತ ಬಿಡಿಸುವ ಸಂಘದ ಅಧ್ಯಕ್ಷರು, ಚನ್ನಂಜಪ್ಪನವರು. ಬೆಳಿಗ್ಗೆ ತಾನೇ ಮೈಕು ಹಿಡಿದು "ಹೆಂಡ ಮುಟ್ಟಿದವನು ಮನುಷ್ಯನೇ ಅಲ್ಲ" ಅಂದಿದ್ದವರು. ಸತ್ತವರ ಹೆಸರಲ್ಲಿ ಕುಡಿದರೆ ಯಾರು ಕೇಳುತ್ತಾರೆ ಅಂತ ಚೊಂಬು ಎತ್ತಿ ಗಟಗಟ ಇಳಿಸಿದರು.

ಒಳಗೆ ಬಂದು ಕುಡಿಯುವವನು ಅಪ್ಪ ಅಂತ ಅವ್ವನೇ ಹೇಳಿದ್ದಾಳೆ. ಮುಖ ಚನ್ನಂಜಪ್ಪನದಾದರೇನು? ಕೆಂಚೀರ ಹಾರಿ ತಬ್ಬಿಕೊಂಡ. "ಅವ್ವಾ! ಅಪ್ಪ ಸಿಕ್ಕ! ಹಿಡ್ಕೊಂಡಿವ್ನಿ, ಬಿರ್ರನೆ ಬಾ!"

ಬಾಗಿಲು ತೆರೆಯಿತು. ನೆಂಟರೆಲ್ಲ ನೋಡಿದರು. ನಿಂಗಾಜಮ್ಮನಿಗೆ ಗಂಡನ ಖಾಲಿ ಚೊಂಬು ಕಂಡು ಅಳುವೇ ಬಂತು.

"ಬಿಡ್ಲಾ! ನಾನು ನಿಮ್ಮಪ್ಪ ಅಲ್ಲ! ನಾನು ಕುಡಿದೇ ಇಲ್ಲ!" ಅಂತ ಕಿರುಚಿದರು ಚನ್ನಂಜಪ್ಪನವರು. ಮೀಸೆಯಿಂದ ನೊರೆ ಇಳಿಯುತ್ತಿತ್ತು.

ಕೆಂಚೀರ ಇನ್ನೂ ಬಿಗಿಯಾಗಿ ತಬ್ಬಿಕೊಂಡ.

"ಅಪ್ಪನೇ ಕಣವ್ವ! ಬದುಕಿದ್ದಾಗ್ಲೂ ಕುಡ್ದು ಬಂದು ಹಿಂಗೇ ಅಂತಿದ್ದ!"